ತವರಿನವರು ಬಂದರೆ ಎದ್ದು ಹೋಗುವ ‘ಇ’

ಮಿರ್ಲೆಯ ಮಂಗಳಮ್ಮನಿಗೆ ಹತ್ತನೇ ತರಗತಿಯಲ್ಲಿ ಉಳಿದೆಲ್ಲ ಪಾಸಾಗಿ ಇಂಗ್ಲಿಷ್ ಒಂದು ಬಾಕಿಯಿತ್ತು. ಮದುವೆ, ಮಕ್ಕಳು, ಹಸು, ಡೇರಿಯ ಹಾಲು ಎಂದು ಓಡಾಡಿದ ಇಷ್ಟು ವರ್ಷ ಅದು ನೆನಪಿಗೇ ಬಂದಿರಲಿಲ್ಲ. ಊರಿನ ಅಂಗನವಾಡಿಗೆ ಸಹಾಯಕಿ ಬೇಕು, ಹತ್ತನೇ ತರಗತಿ ಪಾಸಾಗಿರಬೇಕು ಎಂದು ತಿಳಿದಾಗ ಬಂತು. ವಯಸ್ಸಿನ ಮಿತಿ ದಾಟುವುದರೊಳಗೆ ಅವಳಿಗೆ ಸಿಗುವುದು ಮುಂದೆ ಬರುವ ಪರೀಕ್ಷೆಯೊಂದೇ. ಹಾಲಿನ ಕ್ಯಾನನ್ನು ನಮ್ಮ ಜಗಲಿಯ ಮೇಲಿಟ್ಟು, “ಮೇಷ್ಟ್ರೆ, ರಿಟೈರಾಗಿ ಸುಮ್ಕೆ ಕುಂತಿದ್ದೀರಲ್ಲ, ನಂಗೊಸಿ ಇಂಗ್ಲಿಸ್ ಯೇಳ್ಕೊಡಿ” ಎಂದಳು.

ಓದಲು ಬರುತ್ತಿತ್ತು, ಅರ್ಥವೂ ಆಗುತ್ತಿತ್ತು. ಎಡವುತ್ತಿದ್ದದ್ದು ಪದಗಳ ಬಾಲದಲ್ಲಿ. ಪ್ರತ್ಯಯ ಬಂದು ಸೇರುವಾಗ ಯಾವ ಅಕ್ಷರ ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಅವಳಿಗೆ ಹತ್ತುತ್ತಿರಲಿಲ್ಲ. ಸಿ, ಎ, ಆರ್, ಇ ಎಂದು ಬರೆಯುವ ‘ಕೇರ್’ ಪದದ ತುದಿಯಲ್ಲಿ ಸದ್ದಿಲ್ಲದೆ ಒಂದು ‘ಇ’ ಕೂತಿರುತ್ತದೆ. ಸ್ವರದಿಂದ ಶುರುವಾಗುವ ಪ್ರತ್ಯಯ ಬಂದರೆ ಅದು ಎದ್ದು ಹೋಗುತ್ತದೆ, ‘ಕೇರಿಂಗ್’ ಆಗುತ್ತದೆ. ವ್ಯಂಜನ ಬಂದರೆ ಅಲ್ಲೇ ಇರುತ್ತದೆ, ‘ಕೇರ್‌ಫುಲ್’ ಆಗುತ್ತದೆ ಎಂದು ವಿವರಿಸಿದೆ. ಸ್ವರವೆಂದರೆ ತಾನಾಗಿಯೇ ಉಚ್ಚಾರವಾಗುವುದು, ವ್ಯಂಜನಕ್ಕೆ ಸ್ವರದ ಆಸರೆ ಬೇಕು ಎಂದು ನಮ್ಮ ಹಳೆಯ ವ್ಯಾಕರಣವನ್ನೂ ಸೇರಿಸಿದೆ.

ಮಂಗಳಮ್ಮ ಪೆನ್ನು ಕೆಳಗಿಟ್ಟಳು. “ಅಂಗಾದ್ರೆ ಸ್ವರ ನಮ್ಮ ತವರೋರು. ವ್ಯಂಜನ ಅತ್ತೆಮನೆಯೋರು. ಆ ‘ಇ’ ನಮ್ಮನೆಯವ್ರು ಕಣ್ರೀ ಮೇಷ್ಟ್ರೆ.”

ನಗದೆ ಇರಲಾಗಲಿಲ್ಲ. ಅವಳ ಗಂಡ ನಂಜಣ್ಣ ಲಗೇಜ್ ಆಟೋ ಓಡಿಸುವ, ಮಾತೇ ಆಡದ ಮನುಷ್ಯ. ಹೊಸ ಅಗ್ರಹಾರದಿಂದ ಅವಳ ತಮ್ಮಂದಿರಿಬ್ಬರು ಬಂದರೆ ಭಾವನನ್ನು ಗೋಳುಹೊಯ್ದುಕೊಳ್ಳುವುದೇ ಅವರ ಕೆಲಸ. ಅವರ ಬೈಕಿನ ಸದ್ದು ಕೇಳಿದರೆ ಇವನು ಹಿತ್ತಲ ಬಾಗಿಲಿಂದ ಮಾಯ. ಸರಗೂರಿನಿಂದ ಸ್ವಂತ ಅಕ್ಕ ಬಂದರೆ ಮಾತ್ರ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಾನೆ. ಇದು ಊರಿಗೇ ಗೊತ್ತು.

ಆಮೇಲೆ ಅವಳನ್ನು ತಡೆಯುವವರಿರಲಿಲ್ಲ. ‘ರನ್’ಗೆ ‘ಇಂಗ್’ ಸೇರುವಾಗ ‘ಎನ್’ ಎರಡಾಗುವುದು ಏಕೆಂದರೆ, ಒಂಟಿ ಹುಡುಗಿಯನ್ನು ಬೀಗರ ಮನೆಗೆ ಕಳಿಸುವಾಗ ಜೊತೆಗೊಬ್ಬಳನ್ನು ಕಳಿಸುತ್ತಾರೆ. ‘ಕ್ಯಾರಿ’ಯ ತುದಿಯ ‘ವೈ’ ಅತ್ತೆ ಚಿಕ್ಕಸಿದ್ದಮ್ಮ. ‘ಇಡಿ’ಯಂಥ ನೆಂಟರು ಬಂದರೆ ಸೀರೆ ಬದಲಿಸಿ ‘ಐ’ ಆಗಿಬಿಡುತ್ತಾಳೆ. ಬಂದವಳು ‘ಇಂಗ್’ ಆಗಿದ್ದರೆ ಬದಲಿಸುವುದಿಲ್ಲ, ಅವಳು ಮೊದಲೇ ‘ಐ’ ಉಟ್ಟು ಬಂದಿರುತ್ತಾಳಲ್ಲ, ಒಂದೇ ಮನೆಯಲ್ಲಿ ಒಂದೇ ತರದ ಸೀರೆ ಉಟ್ಟ ಇಬ್ಬರು ನಿಂತರೆ ಜಗಳವೇ. ನಲವತ್ತು ವರ್ಷ ಪಾಠ ಮಾಡಿದ ನನಗೂ ಇಷ್ಟು ಸಲೀಸಾಗಿ ಹೇಳಲು ಬಂದಿರಲಿಲ್ಲ.

ತೊಂದರೆಯಾದದ್ದು ಸಂಜೆ ನಮ್ಮ ಜಗಲಿಗೆ ಪಾಠಕ್ಕೆ ಬರುವ ಮಕ್ಕಳು ಇದನ್ನು ಕೇಳಿಸಿಕೊಂಡದ್ದರಿಂದ. ಮಂಗಳಮ್ಮ ಗಂಡನ ಹೆಸರು ಎತ್ತುವವಳಲ್ಲ. ಮಕ್ಕಳಿಗೆ ಆ ಕಟ್ಟಳೆಯಿಲ್ಲ. ‘ನಂಜಣ್ಣ ಎದ್ದು ಹೋದ, ನಂಜಣ್ಣ ಉಳ್ಕಂಡ’ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದರು. ಮಾರನೆಯ ದಿನ ಟೀ ಅಂಗಡಿಯ ಚನ್ನಬಸವಣ್ಣ ಎಲ್ಲರೆದುರಿಗೆ ಕೇಳಿದ: “ಏನ್ಲಾ ‘ಇ’, ಮನೆಗೆ ಭಾಮೈದ ಬಂದವ್ನಾ, ಈಚೆಗೆ ಬಂದ್ಬುಟ್ಟಿದ್ದೀಯ?”

ನಂಜಣ್ಣ ಅರ್ಧ ಟೀ ಬಿಟ್ಟು ಮನೆಗೆ ಹೋದ. ಜಗಳ ಆಡಲಿಲ್ಲ. ಆಡಿದ್ದರೆ ವಾಸಿಯಾಗಿತ್ತು, ಊಟಕ್ಕೆ ಕರೆದರೂ ಗೋಡೆ ನೋಡುತ್ತಿದ್ದ. ಮಂಗಳಮ್ಮ ಹೆದರಿ, ಇನ್ನು ಪಾಠಕ್ಕೆ ನಮ್ಮನೆಯವರನ್ನು ತರುವುದಿಲ್ಲ ಎಂದು ದೇವರ ಮುಂದೆ ಕೈಮುಗಿದಳು. ಅದರ ಜಾಗಕ್ಕೆ ಬೆಕ್ಕನ್ನು ತಂದಳು, ಕೋಳಿಯನ್ನು ತಂದಳು. ಯಾವುದೂ ಕೂರಲಿಲ್ಲ. ನಾನು ಕೊಟ್ಟ ಪರೀಕ್ಷೆಯಲ್ಲಿ ‘ಇ’ ಪ್ರತಿ ಪದದಲ್ಲೂ ಗೂಟದ ಹಾಗೆ ನಿಂತಿತ್ತು. ಹೀಗೇ ಬರೆದರೆ ಅಂಗನವಾಡಿ ಕೈತಪ್ಪುವುದು ಖಂಡಿತ.

ಪರೀಕ್ಷೆಯ ಹಿಂದಿನ ಭಾನುವಾರ ಹಳೆಯ ಪ್ರಶ್ನೆಪತ್ರಿಕೆ ಕೊಡಲು ಅವರ ಮನೆಗೆ ಹೋದೆ. ತಮ್ಮಂದಿರು ಬಂದಿದ್ದರು. ನಂಜಣ್ಣ ಹಟ ಹಿಡಿದವನಂತೆ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಚಿಕ್ಕ ತಮ್ಮ ಚೇತನ್‌ಕುಮಾರ್ ಭಾವನ ಮೀಸೆಯಿಂದ ಹಿಡಿದು ಆಟೋದ ಹಾರ್ನಿನವರೆಗೆ ಎಲ್ಲವನ್ನೂ ಆಡಿಕೊಂಡ. ನಂಜಣ್ಣ ಬೆವರಿದ, ಆದರೆ ಏಳಲಿಲ್ಲ. ಒಳಗೆ ಬರೆಯುತ್ತಿದ್ದ ಮಂಗಳಮ್ಮ ಪೆನ್ನು ಹಿಡಿದೇ ಬಾಗಿಲಿಗೆ ಬಂದಳು.

“ಒಸಿ ಎದ್ದೋಗಿ” ಎಂದಳು ಮೆಲ್ಲಗೆ.

“ಯಾಕೆ ಎದ್ದೋಗ್ಲಿ? ನನ್ ಮನೆ ಇದು.”

“ನೀವು ಇಂಗೆ ಕುಂತ್ರೆ ನಂಗೆ ಬರೆಯಕ್ಕೇ ಬರಾಕಿಲ್ಲ ಕಣ್ರೀ. ಪರೀಕ್ಸೆ ಮುಗಿಯಗಂಟ ಎದ್ದೋಗಿ. ಆಮೇಲೆ ಜನ್ಮಪೂರ್ತಿ ಕೂತ್ಕಳಿ.”

ನಂಜಣ್ಣ ಅವಳ ಮುಖ ನೋಡಿದ. ಅವಳ ಕಣ್ಣು ತುಂಬಿತ್ತು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಹಿತ್ತಲಿಂದಲ್ಲ, ಜಗಲಿಯಿಂದ ನೇರ ಬೀದಿಗಿಳಿದು, ಮದುವೆ ಗಂಡಿನ ಗತ್ತಿನಲ್ಲಿ ಹೊರಟುಹೋದ.

ಮಾರನೆಯ ದಿನದಿಂದ ಅವನೇ ಸಂಜೆಯ ಹೊತ್ತಿಗೆ ಭಾಮೈದಂದಿರಿಗೆ ಫೋನ್ ಮಾಡತೊಡಗಿದ. “ಬನ್ರಪ್ಪಾ, ನಾನು ಎದ್ದೋಗ್ಬೇಕು” ಎನ್ನುವುದು. ಅವರು ಬಂದರೆ ಇವನು ಏಳುವುದು, ಒಳಗೆ ಮಂಗಳಮ್ಮ ಬರೆಯುವುದು. ಭಾಮೈದಂದಿರಿಗೆ ಬಿಟ್ಟಿ ಊಟ. ಈ ಇಂಗ್ಲಿಷ್ ಮುಗಿಯುವ ಹೊತ್ತಿಗೆ ಕೋಳಿಗೂಡು ಖಾಲಿಯಾಗುತ್ತದೆ ಎಂದು ಚಿಕ್ಕಸಿದ್ದಮ್ಮ ನನ್ನ ಮೇಲೇ ಹರಿಹಾಯ್ದಳು.

ಪರೀಕ್ಷೆಯ ದಿನ ಕೆ.ಆರ್. ನಗರಕ್ಕೆ ಅವನೇ ಆಟೋದಲ್ಲಿ ಕರೆದುಕೊಂಡು ಹೋದ. ಫಲಿತಾಂಶ ಬಂದ ದಿನವೂ ಮೊದಲು ನೋಡಿದವನು ಅವನೇ. ಪಾಸು. ಹೆಂಡತಿಗೆ ಹೇಳಿದವನೇ ಸಿಹಿಯ ಪೊಟ್ಟಣ ಕಟ್ಟಿಸಿಕೊಂಡು ಹೊಸ ಅಗ್ರಹಾರಕ್ಕೆ ಆಟೋ ತಿರುಗಿಸಿದ. ಅಲ್ಲಿ ಮನೆಮನೆಗೂ ಹೋಗಿ, ತಾನು ಹೇಗೆ ಎದ್ದು ಹೋದೆ, ಅದರಿಂದ ಅವಳು ಹೇಗೆ ಪಾಸಾದಳು ಎಂದು ವಿವರಿಸಿದನಂತೆ. ಮೂರು ದಿನವಾದರೂ ವಾಪಸು ಬರಲಿಲ್ಲ.

ಅಂಗನವಾಡಿಯ ಅರ್ಜಿ ತುಂಬಿಸಲು ಮಂಗಳಮ್ಮ ನಮ್ಮ ಮನೆಗೆ ಬಂದಳು. ನಂಜಣ್ಣ ಎಲ್ಲಿ ಎಂದು ಕೇಳಿದೆ.

“ಪಾಸಾದೋಳು ನಾನು, ಸಗಣಿ ಬಾಚ್ತಾ ಇಲ್ಲಿವ್ನಿ” ಎಂದಳು. “ಅವ್ರು ನನ್ ತವರಲ್ಲಿ ಕೋಳಿಸಾರು ಉಣ್ತಾವ್ರೆ.”