ಬಿಚ್ಚಿದ ತೋಳು

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಲಿಫ್ಟಿನ ಬಾಗಿಲು ಮುಚ್ಚಿತು. ಆಗಷ್ಟೇ ಹೊರಗೆ ಬಂದಿದ್ದ ನನ್ನ ಮಗಳ ಸ್ವೆಟರಿನ ತೋಳಿನ ತುದಿ ಒಳಗೇ ಉಳಿಯಿತು. ಬಾಗಿಲಿನ ಆ ಸದ್ದು ಈ ಮೂರು ವರ್ಷದಲ್ಲಿ ಎಷ್ಟು ರಾತ್ರಿ ನನ್ನನ್ನು ಎಬ್ಬಿಸಿದೆಯೋ... ಕಳೆದ ವಾರ ಪರ್ತ್‌ನ ವಿಲೆಟನ್ನಿನ ನಮ್ಮ ಮನೆಯಲ್ಲಿ ಪೆಟ್ಟಿಗೆಯೊಂದನ್ನು ತೆರೆದಾಗ, ನುಸಿಗುಳಿಗೆಯ ವಾಸನೆಯ ಜೊತೆ ಅದೇ ಕೆಂಪು ಸ್ವೆಟರ್ ಕೈಗೆ ಬಂತು. ಒಂದು ತೋಳಿನ ಜೋಡಣೆ ಅರ್ಧ ಮಾತ್ರ ಆಗಿತ್ತು.

ಹೆಣೆದವರು ಬ್ರಿಸ್ಬೇನಿನ ಟೂವಾಂಗಿನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಆಂಟಿ. ಮೈಸೂರಿನವರು, ಮದುವೆಯಾಗಿ ಇಂಗ್ಲೆಂಡಿನ ಲೆಸ್ಟರಿಗೆ ಹೋಗಿ, ಸ್ವೆಟರ್ ಫ್ಯಾಕ್ಟರಿಯಲ್ಲಿ ತೋಳು ಜೋಡಿಸುವ ಕೆಲಸ ಮಾಡಿ, ವಯಸ್ಸಾದ ಮೇಲೆ ಆಸ್ಟ್ರೇಲಿಯಾಕ್ಕೆ ಬಂದವರು. ಜಂಬಕ್ಕೇನೂ ಕಮ್ಮಿಯಿರಲಿಲ್ಲ.

"ಮೊದಲು ಹೆಣಿಗೆ ಅಂದ್ರೆ ಕಾಲುಚೀಲ, ಒಳಅಂಗಿ, ಮೀನು ಹಿಡಿಯೋರ ಜರ್ಸಿ, ಅಷ್ಟೇ ಕಣೇ. ಅದನ್ನ ಅಂಗಡಿ ಗಾಜಿನ ಹಿಂದೆ ಫ್ಯಾಶನ್ ಅಂತ ನಿಲ್ಲಿಸಿದ್ದು ನಮ್ಮಂಥ ಫ್ಯಾಕ್ಟರಿಗಳು!"

ಅಗ್ಗದ ಮಾಲು ಹೊರದೇಶಗಳಿಂದ ಬಂದು ಆ ಫ್ಯಾಕ್ಟರಿಗಳು ಮುಚ್ಚಿದ ಮಾತು ಬಂದರೆ ಮಾತ್ರ ಸೂಜಿ ಎತ್ತಿಕೊಂಡು ಕುಣಿಕೆ ಎಣಿಸತೊಡಗುತ್ತಿದ್ದರು...

ಇಂಗ್ಲಿಷರ ಅಂಗಡಿಗಳಿಗೆ ಅಳತೆ ತಪ್ಪದೆ ದುಡಿದವರು ನನ್ನ ಪುಟ್ಟಿಗೆ ಮಾತ್ರ ದೊಗಲೆ ಮೈ, ತೀರಾ ಉದ್ದದ ತೋಳು ಹೆಣೆದರು. "ಬೆಳೆಯೋ ಮಗು," ಎಂದು ತುದಿಯನ್ನು ಮಡಚಿಕೊಟ್ಟರು. ಆ ಮಧ್ಯಾಹ್ನ ಮಡಿಕೆ ಬಿಚ್ಚಿಕೊಂಡಿತ್ತು.

ಮೇಲೆ ಯಾರೋ ಗುಂಡಿ ಒತ್ತಿದ್ದರು. ಲಿಫ್ಟ್ ಏರತೊಡಗಿತು, ತೋಳಿನ ಜೊತೆ ಮಗಳ ಕೈಯೂ ಏರಿತು. ನಾನು ಅವಳನ್ನು ಎತ್ತಿ ಹಿಡಿದೆ. ಜೊತೆಗಿದ್ದ ಆಂಟಿ ಅವಳ ಕಂಕುಳ ಬಳಿಯ ಗಂಟನ್ನು ಹಲ್ಲಿನಲ್ಲಿ ಕಡಿದು ನೂಲು ಎಳೆದರು. ಹೊಲಿಗೆ ಸರ್ರನೆ ಬಿಚ್ಚಿತು. ತೋಳು ಲಿಫ್ಟಿನ ಜೊತೆ ಹೋಯಿತು. ಮಗಳ ಬರಿಗೈ ನನ್ನ ಕತ್ತಿನ ಮೇಲೆ ಬಿತ್ತು.

ಜೋಡಿಸಿದ ತೋಳು ತಪ್ಪಾಗಿದೆಯೆಂದು ವಾಪಸ್ ಬಂದರೆ ಉಣ್ಣೆ ಹಾಳಾಗಬಾರದೆಂದು, ಗಂಟು ಕಡಿದು ಎಳೆದರೆ ಪೂರ್ತಿ ಬಿಚ್ಚುವ ಹಾಗೆ ಫ್ಯಾಕ್ಟರಿಯಲ್ಲಿ ಜೋಡಿಸುತ್ತಿದ್ದರಂತೆ. ಅದನ್ನು ಹೇಳುವಾಗ ಅವರಲ್ಲಿ ಜಂಬ ಇರಲಿಲ್ಲ. ಮತ್ತೆ ಸೂಜಿ ಮುಟ್ಟಲಿಲ್ಲ. ಲಿಫ್ಟ್ ರಿಪೇರಿಯವನು ತೋಳು ತಂದುಕೊಟ್ಟಾಗ, "ಬಿಸಾಕು ಅದನ್ನ. ಆ ಉದ್ದ ಇಟ್ಟೋಳು ನಾನೇ," ಎಂದರು.

"ಬಿಸಾಕಲ್ಲ ಆಂಟಿ. ನೀವು ಹೇಳ್ಕೊಡಿ, ನಾನು ಜೋಡಿಸ್ತೀನಿ."

"ಇಂಜಿನಿಯರಮ್ಮ, ನಿನಗೆ ಗುಂಡಿ ಹೊಲಿಯೋಕೂ ಬರಲ್ಲ!"

ಆದರೂ ಹೇಳಿಕೊಟ್ಟರು. ತೋಳಿನ ಒಂದೊಂದೇ ಕುಣಿಕೆಯನ್ನು ಸ್ವೆಟರಿನ ಮೈಯ ಕುಣಿಕೆಗೆ ಸೇರಿಸಬೇಕು; ಒಂದು ತಪ್ಪಿದರೂ ಬಿಚ್ಚಿಸುತ್ತಿದ್ದರು. ಅರ್ಧ ಮುಗಿಯುವಷ್ಟರಲ್ಲಿ ಆಂಟಿಯ ಮಗ ಅವರನ್ನು ಅಡಿಲೇಡಿಗೆ ಕರೆದೊಯ್ದ. ನಾವು ಪರ್ತ್‌ಗೆ ಬಂದೆವು. ಫೋನಿನಲ್ಲಿ ಪ್ರತಿಸಲ ಕೇಳುತ್ತಿದ್ದರು, "ಮುಗೀತೇನೇ?" ಮುಗಿದಿರಲಿಲ್ಲ... ಈ ಚಳಿಗಾಲದ ಮೊದಲಲ್ಲಿ ಅವರೇ ಹೋಗಿಬಿಟ್ಟರು.

ಪೆಟ್ಟಿಗೆ ತೆರೆದ ದಿನವೇ ಸೂಜಿ ಹಿಡಿದೆ. ಎಷ್ಟೋ ಸಲ ಬಿಚ್ಚಿದೆ, ಮತ್ತೆ ಕೂತೆ. ನಿನ್ನೆ ಭಾನುವಾರ ಮುಗಿಯಿತು. ಕಂಕುಳ ಬಳಿ ಅವರು ಹಾಕುತ್ತಿದ್ದ ಗಂಟನ್ನೇ ಹಾಕಿದೆ. ಉದ್ದುದ್ದ ಬೆಳೆದಿರುವ ಮಗಳು ತೊಟ್ಟು ಕೈ ಚಾಚಿದಳು. ತೋಳು ಸರಿಯಾಗಿ ಮಣಿಕಟ್ಟಿಗೆ ನಿಂತಿತು.

"ಇಟ್ ಫಿಟ್ಸ್, ಅಮ್ಮ."

ಕೇಳಬೇಕಾದವರು ಇರಲಿಲ್ಲ. ರಾತ್ರಿ ಮಲಗಿದ ನಾನು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೆಳಕಿತ್ತು; ಬಾಗಿಲಿನ ಆ ಸದ್ದು ಎಬ್ಬಿಸಿರಲಿಲ್ಲ.