ಅಪ್ಪನನ್ನು ಒಪ್ಪದವರಿಗೊಂದು ಮೈಕ್

ಅಪ್ಪನ ಶ್ರದ್ಧಾಂಜಲಿ ಸಭೆಯಲ್ಲಿ ವಾಗ್ವಾದ ನಡೆಯಿತು. ಅದಕ್ಕೆ ಕಾರಣ ನಾನೇ.

ಹೋದ ತಿಂಗಳು ಅಪ್ಪ ತೀರಿಕೊಂಡರು. ಭಾಲ್ಕಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ನಮ್ಮದು ಬೀದರಿನ ಹಳೆಯ ಮೆಥೊಡಿಸ್ಟ್ ಮನೆತನ. ಆದರೂ ಅಪ್ಪನ ಮೇಜಿನ ಮೇಲೆ ಬೈಬಲ್ ಪಕ್ಕದಲ್ಲೇ ವಚನ ಸಂಪುಟಗಳಿರುತ್ತಿದ್ದವು. ಅವರನ್ನು ಜೀವನವಿಡೀ ಕಾಡಿದ್ದು ಒಂದೇ ಪ್ರಶ್ನೆ. ಈ ಸೀಮೆಯ ಮೊದಲ ಮಿಷನ್ ಬೋಧಕರು ಕನ್ನಡದಲ್ಲಿ ದೇವರನ್ನು ಕರೆಯಲು ಯಾರಿಂದ ಕಲಿತರು? ಶರಣರ ಮಾತಿನಿಂದ ಕಲಿತರು, ಪ್ರೀತಿಯಿಂದ ಕಲಿತರು ಎಂದು ಅಪ್ಪ ಪುಸ್ತಕ ಬರೆದರು.

ಪುಸ್ತಕ ಬಂದ ಕೆಲವೇ ದಿನಗಳಲ್ಲಿ ಔರಾದಿನಿಂದ ಬಸ್ ಹಿಡಿದು ಒಬ್ಬರು ಮನೆಗೆ ಬಂದರು. ಹಣೆಯ ತುಂಬ ವಿಭೂತಿ. ಹೆಸರು ಕಾಶಪ್ಪ ಮಾಸ್ತರ್.

‘ನಿಮ್ಮ ಪುಸ್ತಕ ಅರ್ಧ ತಪ್ಪದ ರೀ,’ ಎಂದರು ಬಾಗಿಲಲ್ಲೇ.

‘ಯಾವ ಅರ್ಧ ರೀ? ಒಳಗ ಬರ್ರಿ,’ ಎಂದರು ಅಪ್ಪ.

ಹಾಗೆ ಶುರುವಾದ ಚರ್ಚೆ ಅಪ್ಪ ಹಾಸಿಗೆ ಹಿಡಿಯುವವರೆಗೂ ನಡೆಯಿತು. ಇಬ್ಬರ ದನಿಯೂ ಜೋರು. (ಪಕ್ಕದ ಮನೆಗೆ ಹೊಸದಾಗಿ ಬಂದವರು ಒಮ್ಮೆ ಜಗಳ ಬಿಡಿಸಲು ಓಡಿ ಬಂದಿದ್ದರು!) ಕಾಶಪ್ಪ ಮಾಸ್ತರ್ ಹೋದ ಮೇಲೆ ಅಪ್ಪ ತಮ್ಮದೇ ಪುಸ್ತಕ ತೆರೆದು ಕೂರುತ್ತಿದ್ದರು. ಅವರು ತಪ್ಪು ತೋರಿಸಿದ ಕಡೆಯೆಲ್ಲ ಮತ್ತೆ ಓದುತ್ತಿದ್ದರು.

ಈಗ ಹೇಳಿ, ಇಂಥ ಅಪ್ಪನ ಸಭೆಯಲ್ಲಿ ಮಾತಾಡಲು ಯಾರನ್ನು ಕರೆಯಬೇಕು?

ನಾನು ಕಾಶಪ್ಪ ಮಾಸ್ತರ್ ಹೆಸರು ಹೇಳಿದೆ. ಅಣ್ಣ ಸಿಟ್ಟಾದ. ಅವನು ಎಂಜಿನಿಯರ್, ಚರ್ಚ್ ಕಮಿಟಿಯಲ್ಲೂ ಇದ್ದಾನೆ.

‘ಆ ಮನಷ್ಯಾ ಬಂದು ಅಪ್ಪನ ತಪ್ಪ ಎಣಸ್ತಾನ. ಅವ್ವ ಅದನ್ನ ಕೂತು ಕೇಳಬೇಕೇನು?’

‘ಅಣ್ಣಾ, ಅಪ್ಪ ಇದ್ದಿದ್ರ ಯಾರನ್ನ ಮೊದಲ ಕರಿತಿದ್ರು?’

‘ಅಪ್ಪ ಇಲ್ಲಲ್ಲ ಈಗ!’

ಅವನ ದನಿ ಒಡೆಯಿತು. ಅವನಿಗಿದ್ದದ್ದು ಸಿಟ್ಟಲ್ಲ, ದುಃಖ ಎಂದು ಆಗ ಗೊತ್ತಾಯಿತು. ಕೊನೆಗೆ ಅವ್ವನೇ ಹೇಳಿದಳು, ‘ಕರೀರಿ. ನಾ ಕೂತು ಕೇಳ್ತೇನಿ.’

ಚರ್ಚ್ ಪಕ್ಕದ ಹಾಲ್ ತುಂಬಿತ್ತು. ಭಾಷಣ ಮಾಡಿದವರೆಲ್ಲ ಅಪ್ಪನನ್ನು ಜ್ಞಾನದ ಭಂಡಾರ ಎಂದರು. (ಆ ಭಂಡಾರದ ಒಳಗೆ ಏನಿತ್ತು ಎಂದು ಯಾರೂ ಹೇಳಲಿಲ್ಲ.) ಕೊನೆಗೆ ಕಾಶಪ್ಪ ಮಾಸ್ತರ್ ಮೈಕ್ ಹಿಡಿದರು.

‘ನಾ ಹೊಗಳಲಿಕ್ಕ ಬಂದಿಲ್ಲರಿ. ಬೋಧಕರು ಶರಣರ ಮಾತು ಕಲ್ತರು, ಅದು ಖರೇ. ಆದ್ರ ಪ್ರೀತಿಯಿಂದ ಕಲ್ತರು ಅಂತ ಬರದಾರಲ್ಲ, ಅದು ತಪ್ಪು. ಮಂದಿನ ತಮ್ಮ ಕಡಿ ಎಳ್ಕೊಳ್ಳಲಿಕ್ಕ ಕಲ್ತರು.’

ಹಿಂದಿನಿಂದ ಯಾರೋ ಕೂಗಿದರು, ‘ಇದು ಶ್ರದ್ಧಾಂಜಲಿ ಸಭಾ ಅದ ರೀ! ಕೂಡ್ರಸ್ರಿ ಅವರಿಗಿ!’ ನಮ್ಮ ನೆಂಟರಲ್ಲಿ ಕೆಲವರು ಎದ್ದು ಹೊರಟರು. ಪಾಸ್ಟರ್ ನನ್ನ ಮುಖ ನೋಡಿದರು. ತಪ್ಪು ಮಾಡಿಬಿಟ್ಟೆನೇ?

ಕಾಶಪ್ಪ ಮಾಸ್ತರ್ ಗದ್ದಲ ಇಳಿಯುವವರೆಗೆ ಕಾದರು. ‘ಇಷ್ಟು ಹೇಳಿದ್ರ ಅವರು ಎದ್ದು ಉತ್ತರಾ ಕೊಡ್ತಿದ್ರು. ಈಗ ನನಗ ಉತ್ತರಾ ಕೊಡೋರ್ ಯಾರ್ರಿ?’ ಎಂದರು. ಕಣ್ಣು ಒರೆಸಿಕೊಂಡರು.

ಆಗ ಎದ್ದವನು ಅಣ್ಣ.

‘ಮಾಸ್ತರ್, ದಿನಾ ದೇವರ ಕೂಡ ಆಡಿದ ಮಾತು ಬರೇ ಜಾಲ ಆಗಿ ಉಳಿತದೇನ್ರಿ? ನಮ್ಮ ಅವ್ವ ಬ್ಯಾನಿ ಬಂದಾಗ ಅದೇ ಮಾತಿನಾಗ ದೇವರನ್ನ ಕರಿತಾಳ. ಆಕಿ ಯಾರನ್ನ ಎಳಿಲಿಕ್ಕ ಹತ್ಯಾಳ?’

‘ಅದು ನಿಮ್ಮ ಅವ್ವನ ಮಾತಾಯ್ತು. ನಾ ಕೇಳಿದ್ದು ಮೊದಲ ಬಂದವರದು. ಅವರ ಮನಸ್ಸಿನಾಗ ಏನಿತ್ತು?’

‘ಅದು ನನಗ ಗೊತ್ತಿಲ್ಲರಿ,’ ಎಂದ ಅಣ್ಣ.

‘ನನಗೂ ಪೂರಾ ಗೊತ್ತಿಲ್ಲ. ನಿಮ್ಮ ತಂದಿಯವರು ಇದಕ್ಕ ಬ್ಯಾರೇನೇ ಒಂದು ಉತ್ತರಾ ಕೊಡ್ತಿದ್ರು. ಔರಾದಕ್ಕ ಬರ್ರಿ, ಹೇಳ್ತೇನಿ.’

ಮಾತು ಮುಗಿಯಲಿಲ್ಲ. ಮುಂದಿನ ಸಾಲಿನಿಂದ ಅಪ್ಪನ ಹಳೆಯ ವಿದ್ಯಾರ್ಥಿಯೊಬ್ಬರು ಎದ್ದು ಇಬ್ಬರನ್ನೂ ಪ್ರಶ್ನಿಸಿದರು. ಹೊರಟಿದ್ದ ನೆಂಟರು ಬಾಗಿಲಲ್ಲೇ ನಿಂತು ಕೇಳಿದರು. ಅಪ್ಪ ಬರೆದದ್ದು ಏನೆಂದು ಅವರಲ್ಲಿ ಹಲವರಿಗೆ ತಿಳಿದದ್ದು ಅವತ್ತೇ. ಅವ್ವ ಕೊನೆಯವರೆಗೂ ಅಲುಗದೆ ಕೂತಿದ್ದಳು. ಕೊನೆಗೆ ಕಾಶಪ್ಪ ಮಾಸ್ತರ್‌ಗೆ ಕೈ ಮುಗಿದು, ‘ಬರೋದು ಬಿಡಬ್ಯಾಡ್ರಿ ಮತ್ತ,’ ಎಂದಳು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಚಿಕ್ಕಪ್ಪ ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ. ಅವರ ನೋವು ಸುಳ್ಳೆಂದು ನಾನು ಹೇಳಲಾರೆ.

ಆದರೆ ನಾವು ಇವತ್ತು ಬದುಕುತ್ತಿರುವುದು ಹೇಗೆ? ಫ್ಯಾಮಿಲಿ ಗ್ರೂಪಿನಲ್ಲಿ ಒಬ್ಬರು ಬೇರೆ ಮಾತಾಡಿದರೆ ಸಾಕು, ಅವರು ಗ್ರೂಪಿನಿಂದ ಹೊರಗೆ. ಒಪ್ಪದವರನ್ನು ಬ್ಲಾಕ್ ಮಾಡಿ ನೆಮ್ಮದಿ ಎನ್ನುತ್ತೇವೆ. ಬೇರೆ ದೇವರ ಹೆಸರು ಹೇಳುವವರು ನಮ್ಮ ಹಿರಿಯರ ಬಗ್ಗೆ ಬಾಯಿಬಿಟ್ಟರಂತೂ ಮುಗಿದೇ ಹೋಯಿತು. ಅಪ್ಪ ಹಾಗೆ ಬದುಕಿದ್ದರೆ ಅವರ ವಿದ್ಯೆ ಅರ್ಧಕ್ಕೇ ನಿಲ್ಲುತ್ತಿತ್ತು.

ಹೋದ ಭಾನುವಾರ ಆರಾಧನೆ ಮುಗಿಸಿ ಅಣ್ಣ ಔರಾದಿನ ಬಸ್ ಹತ್ತಿದ. ಸಂಜೆ ಮರಳಿದಾಗ ವಾದ ಮಾಡಿ ಮಾಡಿ ದನಿ ಕೂತಿತ್ತು. ‘ಅಪ್ಪ ಒಂದು ಕಡಿ ಖರೇನೇ ತಪ್ಪಿದ್ರು,’ ಎಂದ. ಅಪ್ಪ ಹೋದ ಮೇಲೆ ಅವನು ಅಪ್ಪನ ಬಗ್ಗೆ ಅಳದೆ ಮಾತಾಡಿದ್ದು ಅದೇ ಮೊದಲು.

ನಿಮ್ಮ ಅಪ್ಪನನ್ನು ಒಪ್ಪದವರು ಯಾರಿದ್ದಾರೆ, ನಿಮಗೆ ಗೊತ್ತೇ?