ಅರ್ಧ ಬ್ಲೇಡಿನ ಪರವಾಗಿ ಒಂದು ವಾದ

ಎಡಗೆನ್ನೆ ನುಣ್ಣಗೆ, ಬಲಗೆನ್ನೆ ತುಂಬ ನೊರೆ, ಕುತ್ತಿಗೆಗೆ ಬಿಳಿ ಬಟ್ಟೆ. ಈ ಅವತಾರದಲ್ಲಿ ಯಾವ ಮನುಷ್ಯನೂ ಹೆಲ್ತ್ ಇನ್‌ಸ್ಪೆಕ್ಟರ್ ಜೊತೆ ವಾದಕ್ಕಿಳಿಯಬಾರದು. ಹಿಂದಿನ ಶನಿವಾರ ನಾನು ಇಳಿದೆ.

ಗೆದ್ದೆ ಕೂಡ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಸ್ಟ್ರೀಟ್ಸ್‌ವಿಲ್‌ನ ಕ್ವೀನ್ ಸ್ಟ್ರೀಟಿನಲ್ಲಿ ಮೂರು ಕುರ್ಚಿಗಳ ಒಂದು ಕಟಿಂಗ್ ಶಾಪ್ ಇದೆ. ಕೊನೆಯ ಕುರ್ಚಿ ಬಸಣ್ಣನದು. ಹುಬ್ಬಳ್ಳಿಯವರು. ಈ ದೇಶಕ್ಕೆ ಬಂದ ಮೇಲೆ ಮೂರು ವರ್ಷ ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತಿ ಸೊಂಟ ಹಾಳುಮಾಡಿಕೊಂಡವರು. ನಾಲ್ಕು ತಿಂಗಳ ಹಿಂದಷ್ಟೇ ಮತ್ತೆ ಕೈಗೆ ಕತ್ತರಿ ಬಂದಿದೆ. ಮಾಲೀಕ ವಿಟೋ ಎಂಬ ಇಟಾಲಿಯನ್ ಮುದುಕ. ಅವನ ಷರತ್ತು ಒಂದೇ: "ನನ್ನ ಗಾಜಿನ ಮೇಲೆ ಹೆಲ್ತ್‌ನವರ ನೋಟಿಸ್ ಅಂಟಿದ ದಿನ, ನಿನ್ನ ಕುರ್ಚಿ ಖಾಲಿ." ಇಷ್ಟು ವರ್ಷಗಳಲ್ಲಿ ಆ ಗಾಜಿಗೆ ಅಂಟಿದ್ದು ಕ್ರಿಸ್‌ಮಸ್ ನಕ್ಷತ್ರ ಮಾತ್ರವಂತೆ.

ಆ ಶನಿವಾರದ ಮರುದಿನ ಪಕ್ಕದ ಎರಿನ್ ಮಿಲ್ಸ್‌ನಲ್ಲಿ ನಮ್ಮ ಕನ್ನಡ ಬಳಗದ ಚರ್ಚಾಸ್ಪರ್ಧೆ. ವಿಷಯ: ಬಳಸಿ ಬಿಸಾಡುವುದು ಪ್ರಗತಿಯೇ? ನಾನು ವಿರೋಧ ಪಕ್ಷ. (ಬೇರೆ ಯಾವ ಪಕ್ಷದಲ್ಲಿ ಇರಬಲ್ಲೆ ಎಂದು ಈ ಅಂಕಣದ ಓದುಗರು ಕೇಳುವುದಿಲ್ಲ.) ನನ್ನ ಮುಖ್ಯ ಆರೋಪಿ, ಸೇಫ್ಟಿ ರೇಜರ್ ಕಂಡುಹಿಡಿದ ಆ ಅಮೆರಿಕನ್ ಮಹಾಶಯ. ಹೆಸರು ಬೇಡ. ನಿಮ್ಮ ಬಾತ್‌ರೂಮಿನ ಕಪಾಟು ತೆಗೆದರೆ ಸಿಗುತ್ತದೆ.

ಬಸಣ್ಣ ನೊರೆ ಹಚ್ಚುವಾಗ ನನ್ನ ರಿಹರ್ಸಲ್ ನಡೆದಿತ್ತು.

ನನ್ನ ಆರೋಪಿ ಬಾಟಲಿ ಮುಚ್ಚಳ ಮಾರುತ್ತ ಊರೂರು ತಿರುಗುತ್ತಿದ್ದ ಸೇಲ್ಸ್‌ಮನ್. ಅವನ ಬಾಸ್ ಒಮ್ಮೆ ಹೇಳಿದನಂತೆ: ಜನ ಒಂದು ಸಲ ಬಳಸಿ ಎಸೆಯುವಂಥದ್ದು ಏನಾದರೂ ಮಾಡು, ಮತ್ತೆ ನಿನ್ನ ಹತ್ತಿರವೇ ಬರುತ್ತಾರೆ. ಆಮೇಲೊಂದು ಬೆಳಿಗ್ಗೆ ಮೊಂಡಾದ ಕತ್ತಿ ಹಿಡಿದು ಕನ್ನಡಿ ಮುಂದೆ ನಿಂತಾಗ ಹೊಳೆಯಿತಂತೆ: ತೆಳ್ಳಗಿನ ಉಕ್ಕಿನ ತುಂಡು, ಮಸೆಯುವ ಗೋಜಿಲ್ಲ, ಮೊಂಡಾದರೆ ಎಸೆ. (ಇಂಥ ಕನ್ನಡಿ ಕತೆಗಳನ್ನು ನಾನು ಅರ್ಧವಷ್ಟೇ ನಂಬುತ್ತೇನೆ.) ಅಷ್ಟು ತೆಳ್ಳಗಿನ ಉಕ್ಕಿಗೆ ಹದ ಬರುವುದಿಲ್ಲ ಎಂದರು ಬಲ್ಲವರು. ಕೊನೆಗೆ ಬೇರೊಬ್ಬ ಎಂಜಿನಿಯರ್ ಹದ ತಂದುಕೊಟ್ಟ. ಮೊದಲ ವರ್ಷ ಕೊಂಡವರು ಬೆರಳೆಣಿಕೆ. ಮುಂದೆ ಮಹಾಯುದ್ಧದ ಸೈನಿಕರ ಚೀಲದಲ್ಲೂ ಅವನ ರೇಜರ್. ಬ್ಲೇಡಿನ ಕಾಗದದ ಮೇಲೆ ಅವನದೇ ಮುಖ, ದಪ್ಪ ಮೀಸೆ ಸಮೇತ.

ಬಸಣ್ಣ ಕೈ ನಿಲ್ಲಿಸಿದರು. "ತಡೀರಿ ಸರ. ತನ್ನ ಮೀಸಿ ಹಂಗ ಇಟ್ಕೊಂಡು ಊರ ಮಂದೀದೆಲ್ಲಾ ಬೋಳಿಸಿದ್ನ ಅಂವಾ?"

"ಅದಕ್ಕಿಂತ ಮಜಾ ಇದೆ ಕೇಳಿ. ಪೈಪೋಟಿ ಅಂದ್ರೆ ಬರೀ ವೇಸ್ಟು, ಇಡೀ ದೇಶಕ್ಕೆ ಒಂದೇ ಕಂಪನಿ ಸಾಕು, ಎಲ್ಲರೂ ನಯಾಗರದ ಹತ್ತಿರ ಒಂದೇ ಊರಲ್ಲಿ ಇರಬೇಕು ಅಂತ ಪುಸ್ತಕ ಬೇರೆ ಬರೆದಿದ್ದ."

"ನಮ್ಮ ನಯಾಗರಾ?"

"ಅದೇ. ನೆಂಟರು ಬಂದಾಗಲೆಲ್ಲ ಕರ್ಕೊಂಡು ಹೋಗ್ತೀವಲ್ಲ, ಅದೇ ಜಲಪಾತದ ಕರೆಂಟಲ್ಲಿ ಇಡೀ ಊರು ನಡೀಬೇಕಂತೆ."

"ಪಾರ್ಕಿಂಗ್ ಎಲ್ಲಿ ಸಿಗತಿತ್ತಂತ?"

ನಕ್ಕೆ. ಆದರೆ ನನ್ನ ಪಾಯಿಂಟ್ ಗಟ್ಟಿಯಾಗಿತ್ತು. ವ್ಯರ್ಥವನ್ನು ಕಂಡರೆ ಆಗದವನು ವ್ಯರ್ಥವನ್ನೇ ವ್ಯಾಪಾರ ಮಾಡಿಕೊಂಡ. ಕೊನೆಗಾಲದಲ್ಲಿ ಕಂಪನಿಯ ಹಿಡಿತವೂ ತಪ್ಪಿತು, ಸಂಪತ್ತೂ ಕರಗಿತು. ಅವನನ್ನೂ ಬಳಸಿ ಬಿಸಾಡಿದರು! ಭಾನುವಾರದ ಚಪ್ಪಾಳೆ ನನಗೆ ಶನಿವಾರವೇ ಕೇಳಿಸುತ್ತಿತ್ತು.

ಬಸಣ್ಣ ಒಪ್ಪಲಿಲ್ಲ. "ಅಲ್ರೀ ಸರ, ನಮ್ಮಜ್ಜಂದು ಒಂದ ಕತ್ತಿ ಇತ್ತು. ಊರಿಗೆಲ್ಲಾ ಅದ. ಒಬ್ಬನ ಹುಣ್ಣು ಇನ್ನೊಬ್ಬಗ ಹತ್ತತಿತ್ತು. ಈ ಬ್ಲೇಡ್ ಬಂದ ಮ್ಯಾಲೇ ಅದು ನಿಂತದ್ದು. ನೀವು ಬೈಯೋ ಮೊದ್ಲ ಕೆನ್ನಿ ಮುಟ್ಟಿ ನೋಡ್ಕೊಳ್ರಿ."

ಹೀಗೆನ್ನುತ್ತಲೇ ಹೊಸ ಬ್ಲೇಡ್ ತೆಗೆದರು. ಊರಿನ ಕಟಿಂಗ್ ಶಾಪಿಗೆ ಹೋದವರೆಲ್ಲ ನೋಡಿರುವ ಕೈಚಳಕ ಅದು. ಬ್ಲೇಡನ್ನು ಕಾಗದದ ಸಮೇತ ಎರಡು ಬೆರಳಲ್ಲಿ ಬಗ್ಗಿಸುವುದು. ಟಕ್! ಉದ್ದಕ್ಕೆ ಸರಿಯಾಗಿ ಎರಡು ಹೋಳು. ಒಂದು ಹೋಳು ಹಿಡಿಕೆಗೆ, ನನಗೆ. ಇನ್ನೊಂದು ಕಾಗದದಲ್ಲೇ ಮಡಚಿ ಡ್ರಾಯರಿಗೆ, ಗಿರಾಕಿಗಳು ಮುಗಿಬೀಳುವ ಹೊತ್ತಿಗೆ. ಯಾರ ಮುಖವನ್ನೂ ಮುಟ್ಟದ ಹೊಸ ಅರ್ಧ.

ಎಡಗೆನ್ನೆ ಮುಗಿಯುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಕೊರಳಲ್ಲಿ ಬ್ಯಾಡ್ಜು, ಕೈಯಲ್ಲಿ ಟ್ಯಾಬ್ಲೆಟ್ಟು. ಹೆಲ್ತ್ ಇನ್‌ಸ್ಪೆಕ್ಟರಮ್ಮ. ದೂರು ಬಂದಿದೆ ಎಂದರು. ಕೊನೆಯ ಕುರ್ಚಿಯಾತ ಡ್ರಾಯರಿನಿಂದ ಹಳೆ ಬ್ಲೇಡು ತೆಗೆದು ಶೇವ್ ಮಾಡುತ್ತಾನೆ ಎಂದು ಗಿರಾಕಿಯೊಬ್ಬ ಫೋನ್ ಮಾಡಿದ್ದನಂತೆ.

ಅವರು ಕೈಗವಸು ಹಾಕಿಕೊಂಡು ಡ್ರಾಯರ್ ಎಳೆದರು. ಏಳು ಮಡಚಿದ ಕಾಗದ, ಏಳು ಅರ್ಧ ಬ್ಲೇಡು.

ವಿಟೋ ಅರ್ಧ ಕತ್ತರಿಸಿದ ತಲೆಯೊಂದನ್ನು ಬಿಟ್ಟು ಬಂದ. ಗಾಜಿನ ಕಡೆ ಒಮ್ಮೆ ನೋಡಿದ, ಬಸಣ್ಣನ ಕಡೆ ಒಮ್ಮೆ. ಇದಕ್ಕಿಂತ ಉದ್ದದ ನೋಟಿಸ್ ಬೇಕೇ?

ಬಸಣ್ಣನ ಇಂಗ್ಲಿಷು "ನ್ಯೂ ಮೇಡಂ, ನ್ಯೂ" ಎಂಬಲ್ಲಿಗೆ ನಿಂತುಹೋಯಿತು. ನನ್ನ ಕಡೆ ತಿರುಗಿದರು. "ಸರ, ನೀವರ ತಿಳಿಸಿ ಹೇಳ್ರಿ."

ಒಂದೇ ವಾಕ್ಯದ ಕೆಲಸ: ಇವು ಬಳಸಿಲ್ಲ. ನಾನೇನು ಮಾಡಿದೆ? ಒಳ್ಳೆಯ ಬ್ಲೇಡನ್ನು ಎಸೆಯುವುದೆಷ್ಟು ಅನ್ಯಾಯ, ಎಸೆಯುವ ಸಂಸ್ಕೃತಿ ಹುಟ್ಟಿದ್ದು ಹೇಗೆ ಎಂದು ಬಾಟಲಿ ಮುಚ್ಚಳದಿಂದ ಶುರುಮಾಡಿದೆ. ನೊರೆ ತುಟಿಗೆ ಇಳಿಯುತ್ತಿತ್ತು. ಆಕೆಯ ಹುಬ್ಬು ಮೇಲೇರುತ್ತಿತ್ತು. "ಅಂದರೆ ಈತ ಎಸೆಯುವುದಿಲ್ಲ, ಅಲ್ಲವೇ?" ಎಂದು ಟೈಪ್ ಮಾಡತೊಡಗಿದರು.

ಬಸಣ್ಣ ನನ್ನ ಭುಜ ಹಿಡಿದರು. "ಏನ್ ಹೇಳಿದ್ರಿ ಸರ? ಆಕಿ ಮಾರಿ ನೋಡ್ರಿ ಸ್ವಲ್ಪ!"

ಮತ್ತೆ ನನಗಾಗಿ ಕಾಯಲಿಲ್ಲ. ಸೀಲ್ ಒಡೆಯದ ಪೊಟ್ಟಣ ತೆಗೆದು ಆಕೆಯ ಮುಂದೆ ಹಿಡಿದರು. ಒಡೆದರು. ಬ್ಲೇಡ್ ಬಗ್ಗಿಸಿದರು. ಟಕ್. ಎರಡೂ ಹೋಳನ್ನು ಬಿಳಿ ಟವೆಲಿನ ಮೇಲಿಟ್ಟರು. ಪಕ್ಕದಲ್ಲಿ ಡ್ರಾಯರಿನ ಏಳನ್ನೂ ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟರು.

ಆಕೆ ಬಗ್ಗಿ ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡಿದರು. ಸೋಪಿಲ್ಲ, ಕೂದಲಿಲ್ಲ, ಕಲೆಯಿಲ್ಲ. ವಿಟೋ ಅಷ್ಟರಲ್ಲಿ ಅಂಗಡಿಯ ರೇಡಿಯೋ ಆರಿಸಿದ್ದ.

"ಓಕೆ, ಅರ್ಥವಾಯಿತು. ಹೊಸವು" ಎಂದರು ಆಕೆ. ನಕ್ಕರು ಕೂಡ. ಟ್ಯಾಬ್ಲೆಟ್ಟು ಬ್ಯಾಗಿಗೆ ಸೇರಿತು. ಬಸಣ್ಣ ಉಸಿರು ಬಿಟ್ಟರು. ಕೇಸ್ ಕ್ಲೋಸ್.

ಇಲ್ಲಿ ಯಾವ ಬುದ್ಧಿವಂತನಾದರೂ ಸುಮ್ಮನಾಗುತ್ತಾನೆ. ಆದರೆ ಎದುರಾಳಿ ಸೋಲೊಪ್ಪಿದಾಗ ಅದನ್ನು ದಾಖಲಿಸಿಕೊಳ್ಳದೆ ಬಿಡಬಾರದು ಎಂದು ಕಲಿತವನು ನಾನು. "ಹಾಗಾದರೆ ದೂರಿನಲ್ಲಿ ಹುರುಳಿಲ್ಲವೆಂದು ಬರೆದುಕೊಡಿ. ಅರ್ಧ ಬ್ಲೇಡು ತಪ್ಪೆಂದು ಎಲ್ಲಿ ಬರೆದಿದೆ, ಅದನ್ನೂ ತೋರಿಸಿ" ಎಂದೆ.

ಬಾಗಿಲ ಹಿಡಿಕೆಯ ಮೇಲಿದ್ದ ಆಕೆಯ ಕೈ ನಿಂತಿತು. "ನೋಡೋಣ" ಎಂದು ವಾಪಸ್ ಬಂದರು.

ಟ್ಯಾಬ್ಲೆಟ್ಟಿನ ಮೇಲೆ ಬೆರಳು ಸರಿಯುತ್ತಲೇ ಇತ್ತು. ಐದು ನಿಮಿಷ? ಹತ್ತು? ನನ್ನ ಕೆನ್ನೆಯ ನೊರೆ ಒಣಗಿ ಬಿರಿಯಿತು. ಕೊನೆಗೆ ಬರೆದುಕೊಟ್ಟರು. ಮೊದಲ ಸಾಲು: ದೂರು ಆಧಾರರಹಿತ. ಎರಡನೆಯ ಸಾಲು: ಒಮ್ಮೆ ಬಿಚ್ಚಿದ ಬ್ಲೇಡು ಒಬ್ಬ ಗಿರಾಕಿಗೆ ಮಾತ್ರ, ಉಳಿದ ಭಾಗವನ್ನೂ ತಕ್ಷಣ ಎಸೆಯತಕ್ಕದ್ದು. ಮುಂದಿನ ತಿಂಗಳು ಮತ್ತೆ ಬರುತ್ತಾರಂತೆ. ಆಗ ಡ್ರಾಯರಿನಲ್ಲಿ ಒಂದೇ ಒಂದು ಅರ್ಧ ಸಿಕ್ಕರೂ ಗಾಜಿಗೆ ನೋಟಿಸ್. ಬಸಣ್ಣನ ಮುಂದೆ ಅಷ್ಟನ್ನೂ ಕನ್ನಡದಲ್ಲಿ ಓದಿದವನು ನಾನೇ.

ಆಕೆಯ ಎದುರಿಗೇ ಬಸಣ್ಣ ಒಂಬತ್ತು ಹೋಳುಗಳನ್ನೂ ಹಳೆ ಬ್ಲೇಡು ಎಸೆಯುವ ಹಳದಿ ಡಬ್ಬಿಗೆ ಹಾಕಿದರು. ಟಿಣ್. ಟಿಣ್. ಒಂಬತ್ತು ಸಲ.

ಆಕೆ ಹೋದ ಮೇಲೆ ವಿಟೋ ಹೇಳಿದ್ದು ಇಷ್ಟೇ: "ಕುರ್ಚಿ ಇರಲಿ. ಇನ್ನೊಮ್ಮೆ ಇನ್‌ಸ್ಪೆಕ್ಷನ್ ಇದ್ದರೆ ಈ ಲಾಯರ್ ಬೇಡ."

ಬಸಣ್ಣ ಹೊಸದಾಗಿ ನೊರೆ ಹಚ್ಚಿದರು. ಕತ್ತಿ ಬಲಗೆನ್ನೆ ಇಳಿದು ಗಂಟಲಿಗೆ ಬಂತು. ಉಗುಳು ನುಂಗಲೂ ನನಗೆ ಧೈರ್ಯವಿಲ್ಲ. ಮುಖ ಒರೆಸಿದ ಮೇಲಷ್ಟೇ ಬಸಣ್ಣ ಮೆಲ್ಲಗೆ ಹೇಳಿದರು:

"ನಾಳೆ ನೀವ ಗೆಲ್ತೀರಿ ಬಿಡ್ರಿ ಸರ. ಆದ್ರ ಇವತ್ತ ಆಕಿ ಹೊಂಟಿದ್ಲು."

ಭಾನುವಾರ ನಾನೇ ಗೆದ್ದೆ. ಮೀಸೆಯ ಜೋಕಿಗೆ ಜೋರು ಚಪ್ಪಾಳೆ. (ಅದು ಬಸಣ್ಣನ ಜೋಕೆಂದು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.)

ಮೊನ್ನೆ ಮತ್ತೆ ಹೋಗಿದ್ದೆ. ಅಜ್ಜನ ಕತ್ತಿಯ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಎಸೆಯುವ ಬ್ಲೇಡು ಎಷ್ಟೋ ಮುಖಗಳನ್ನು ಉಳಿಸಿರಬಹುದು. ನನ್ನ ಆರೋಪಿಗೆ ಅಷ್ಟನ್ನಾದರೂ ಬಿಟ್ಟುಕೊಡಬೇಕಿತ್ತು. ಬಸಣ್ಣ ಎಂದಿನಂತೆ ಬ್ಲೇಡು ಮುರಿದರು. ಟಕ್. ಒಂದರ್ಧ ಹಿಡಿಕೆಗೆ. ಇನ್ನೊಂದು ಹಿಡಿದ ಕೈ ತಾನಾಗಿ ಡ್ರಾಯರಿನ ಕಡೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು, ಹಳದಿ ಡಬ್ಬಿಯ ಕಡೆ ತಿರುಗಿತು. ಟಿಣ್.

ಬಳಸಿ ಬಿಸಾಡಿ ಎಂದಷ್ಟೇ ಹೇಳಿದ್ದ ಆ ಮೀಸೆಯ ಮಹಾಶಯ. ಬಳಸುವ ಮೊದಲೇ ಬಿಸಾಡಿಸಲು ಒಬ್ಬ ಡಿಬೇಟರ್ ಬೇಕಾಯಿತು.